ಕೂಲಿಯ ದರವೂ ಸರಕಾರದ ಹೊಣೆಯೂ

ವಿಜಾಪುರದ ಮಗ್ಗುಲಲ್ಲಿರುವ ಭೂತನಾಳ ಕೆರೆಯನ್ನು ದಾಟಿ ತಿಕೋಟಾ, ಬಬಲೇಶ್ವರಗಳ ಕಡೆಗೆ ನಡೆದವರಿಗೆ ಈ ಸೀಮೆಯ ಎರಡು ಮುಖಗಳೂ ಕಾಣದಿರವು. ಒಂದೆಡೆಗೆ ದ್ರಾಕ್ಷಿಯ ಪಡಗಳು, ಇನ್ನೊಂದೆಡೆಗೆ ಮಳೆಯನ್ನೇ ನಂಬಿದ ಜೋಳದ ಎರಿಹೊಲಗಳು. ಪಡಗಳಲ್ಲಿ ಕತ್ತರಿ ಹಿಡಿಯುವ ಹೆಣ್ಣುಮಕ್ಕಳೂ ತಾಂಡೆಗಳಿಂದ ಗೋವೆಗೆ ಗುಳೆ ಹೋಗುವ ಲಂಬಾಣಿ ಕುಟುಂಬಗಳೂ ನಮಗೆ ಅಪರಿಚಿತರಲ್ಲ. ಇವರ ಕೂಲಿಯ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಪ್ರಶ್ನೆಯು ಈ ನೆಲಕ್ಕೆ ಹೊಸತಲ್ಲ. 1876-78ರ ಘೋರ ಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಸೀಮೆಯು ಮುಂಬಯಿ ಇಲಾಖೆಯಲ್ಲಿಯೇ ಬಹಳ ನೊಂದಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಬರದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಇಷ್ಟರಿಂದ ದುಡಿಯುವವನ ದೇಹ ನಿಲ್ಲದೆಂದು ಮದ್ರಾಸಿನ ಡಾಕ್ಟರ್ ಕಾರ್ನಿಷ್‌ರು ವಾದಿಸಿದರು. ಮುಂಬಯಿ ಇಲಾಖೆಯ ಕೂಲಿಕಾರರು ವಾದಿಸುತ್ತ ಕೂಡ್ರಲಿಲ್ಲ; ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪಕ್ಷ ವಹಿಸಿತು. ಹಸಿದವನು ಹೇಗೂ ಬಂದಾನು, ಆದುದರಿಂದ ಎಷ್ಟು ಕೊಟ್ಟರೂ ನಡೆದೀತು ಎಂಬುದೇ ಆ ದರದ ಹಿಂದಿನ ಲೆಕ್ಕ.

ಸ್ವತಂತ್ರ ಭಾರತವು 1948ರಲ್ಲಿ ಕನಿಷ್ಠ ಕೂಲಿಯ ಕಾಯಿದೆ ಮಾಡಿ ಈ ಲೆಕ್ಕವನ್ನು ಅಳಿಸಹೊರಟಿತು. 1957ರ ಭಾರತೀಯ ಕಾರ್ಮಿಕ ಸಮ್ಮೇಲನವು ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಉರವಲುಗಳನ್ನು ಎಣಿಸಿ, ಕುಟುಂಬದ ಅಗತ್ಯವೇ ಕೂಲಿಯ ಅಳತೆಯೆಂದಿತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ಔಷಧೋಪಚಾರಗಳನ್ನೂ ಅದಕ್ಕೆ ಕೂಡಿಸಿತು. ಅದಕ್ಕೂ ಮೊದಲು, 1983ರಲ್ಲಿ, ರಾಜಸ್ಥಾನದ ಬರದ ಕಾಮಗಾರಿಯ ಮೊಕದ್ದಮೆಯಲ್ಲಿ, ಕ್ಷಾಮದ ನೆವದಿಂದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವದು ಸಂವಿಧಾನದ 23ನೆಯ ಕಲಮಿಗೆ ವಿರುದ್ಧವೆಂದು ಅದೇ ಕೋರ್ಟು ಸಾರಿತ್ತು. ಟೆಂಪಲ್ ಸಾಹೇಬರಿಗೆ ನೂರು ವರ್ಷ ತಡವಾಗಿ ಸಿಕ್ಕ ಉತ್ತರವಿದು!

ಆದರೂ 2009ರಲ್ಲಿ ಉದ್ಯೋಗ ಖಾತ್ರಿಯ ದರವನ್ನು ಕೇಂದ್ರ ಸರಕಾರವು ಕನಿಷ್ಠ ಕೂಲಿಯಿಂದ ಬೇರ್ಪಡಿಸಿತು. ಕರ್ನಾಟಕದ ಹೈಕೋರ್ಟು 2011ರಲ್ಲಿ ಕನಿಷ್ಠ ಕೂಲಿಯನ್ನೇ ಕೊಡತಕ್ಕದ್ದೆಂದು ತೀರ್ಪಿತ್ತಿತು. 2012ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಡಲೊಪ್ಪಲಿಲ್ಲ. ಫಲವೇನು? 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ 370 ರೂಪಾಯಿ. ಅದೇ 2025ರ ಏಪ್ರಿಲಿನಲ್ಲಿ ರಾಜ್ಯ ಸರಕಾರವು ಪಟ್ಟಿಯ ಉದ್ಯೋಗಗಳಿಗಾಗಿ ಪ್ರಕಟಿಸಿದ ಕರಡಿನಲ್ಲಿ, ಎಲ್ಲಕ್ಕೂ ಕೆಳಗಿನ ವಲಯದ ಅಕುಶಲ ಕೆಲಸಗಾರನಿಗೆ ತಿಂಗಳಿಗೆ 19,319 ರೂಪಾಯಿ, ಎಂದರೆ ದಿನಕ್ಕೆ ಸುಮಾರು 743. ಅದು ಕರಡು ಮಾತ್ರವೆಂಬುದನ್ನು ನಾವು ಬಲ್ಲೆವು. ಆದರೆ ಬದುಕಲು ಇಷ್ಟು ಬೇಕೆಂದು ಸರಕಾರದ ಲೇಖಣಿಯೇ ಬರೆದ ಮೇಲೆ, ಹೂಳೆತ್ತುವವಳ ಹೊಟ್ಟೆ ಅದರ ಅರ್ಧಕ್ಕೆ ತುಂಬುವದು ಹೇಗೆ? 2025ರ ಡಿಸೆಂಬರಿನ ಹೊಸ ಶಾಸನವು ಕೆಲಸದ ದಿನಗಳನ್ನು 100ರಿಂದ 125ಕ್ಕೇರಿಸಿತು. ದರ ಗೊತ್ತುಪಡಿಸುವ ಅಧಿಕಾರವನ್ನು ಮಾತ್ರ ದಿಲ್ಲಿಯಲ್ಲಿಯೇ ಇಟ್ಟಿತು.

ಕೂಲಿ ಹೆಚ್ಚಿದರೆ ಒಕ್ಕಲಿಗನು ಮುಳುಗುವನೆಂಬ ಆಕ್ಷೇಪವುಂಟು. ನಾಲ್ಕು ಎಕರೆ ಜೋಳದವನ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ. ಅವನ ಜೋಳಕ್ಕೆ ತಕ್ಕ ಬೆಲೆ ದೊರಕಿಸದೆ ಅವನಿಗಷ್ಟೇ ಧರ್ಮ ಬೋಧಿಸುವದು ನಮಗೆ ಸೇರದು. ಆದರೆ ಒಣದ್ರಾಕ್ಷಿಯ ದೊಡ್ಡ ವ್ಯಾಪಾರಸ್ಥನೂ ಅವನ ಬೆನ್ನ ಮರೆಯಲ್ಲಿ ನಿಂತು ಇದೇ ಮಾತಾಡುವದನ್ನು ಕೇಳಿ ನಮಗೆ ನಗೆ ಬರುತ್ತದೆ. ಸರಕಾರಕ್ಕಂತೂ ಈ ನೆವವೂ ಇಲ್ಲ.

ಆದುದರಿಂದ, ಸಾರ್ವಜನಿಕ ಕಾಮಗಾರಿಯ ದರವು ರಾಜ್ಯದ ಕನಿಷ್ಠ ಕೂಲಿಗಿಂತ ಒಂದು ರೂಪಾಯಿಯೂ ಕಡಿಮೆಯಿರಕೂಡದೆಂದು ಜಿಲ್ಲೆಯ ಪ್ರತಿನಿಧಿಗಳು ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕೇಳಬೇಕು. ಜಾರಿಯಲ್ಲಿರುವ ದರವನ್ನು ಪ್ರತಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ, ತಾಂಡೆಯವರೂ ಓದುವಂತೆ ದಪ್ಪಕ್ಷರದಲ್ಲಿ ಬರೆಯಿಸಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.