ವಯಸ್ಸೂ ತರಗತಿಯೂ

ಮಗುವನ್ನು ಯಾವಾಗ ಶಾಲೆಗೆ ಸೇರಿಸತಕ್ಕದ್ದೆಂಬ ಪ್ರಶ್ನೆಗೆ ನಮ್ಮ ಹಿರಿಯರ ಕಾಲದಲ್ಲಿ ಉತ್ತರವು ಮಗುವಿನ ಕೈಯಲ್ಲಿಯೇ ಇದ್ದಿತು. ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿದರೆ ಒಂದನೆಯ ತರಗತಿ; ಮುಟ್ಟದಿದ್ದರೆ ಬರುವ ವರುಷ ಬಾ ಎಂದು ಮೇಷ್ಟ್ರು ಮನೆಗೆ ಕಳುಹಿಸುವರು. ಹುಟ್ಟಿದ ದಿನವು ತಾಯಿಗೆ ‘ದೊಡ್ಡ ಮಳೆ ಬಂದ ವರುಷ’ ಎಂದಷ್ಟೇ ನೆನಪಿರಲು, ತಾರೀಖನ್ನು ಮೇಷ್ಟ್ರೇ ದಾಖಲೆಯ ಪುಸ್ತಕದಲ್ಲಿ ಬರೆದುಕೊಳ್ಳುವರು. ಇದರ ಫಲವಾಗಿ ನಮ್ಮ ನಾಡಿನಲ್ಲಿ ಜೂನ್ 1ರಂದು ಹುಟ್ಟಿದ ಹಿರಿಯರ ಸಂಖ್ಯೆಯು ಪ್ರಕೃತಿನಿಯಮವನ್ನೇ ಮೀರಿದೆ. ಇದನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರು ಈ ಮಾತಿಗೆ ನಕ್ಕಾರು.

ಈಗ ಕೈಯಳತೆಯ ಸ್ಥಾನಕ್ಕೆ ಕಾಗದದ ಅಳತೆ ಬಂದಿದೆ. ಜೂನ್ 1ಕ್ಕೆ ಆರು ವರುಷ ತುಂಬಿದ ಮಕ್ಕಳನ್ನೇ ಒಂದನೆಯ ತರಗತಿಗೆ ಸೇರಿಸತಕ್ಕದ್ದೆಂದು ಕರ್ನಾಟಕ ಸರಕಾರವು 2022ನೆಯ ಇಸವಿಯ ಜುಲೈ ತಿಂಗಳಲ್ಲಿ ಆಜ್ಞೆ ಮಾಡಿತು. ಅದಕ್ಕೆ ಮೊದಲು ಐದು ವರುಷ ಐದು ತಿಂಗಳು ಸಾಕಾಗಿದ್ದಿತು. ಮಕ್ಕಳನ್ನು ಆಗಲೇ ಎಲ್.ಕೆ.ಜಿ.ಗೆ ಸೇರಿಸಿದ್ದ ತಾಯಿತಂದೆಗಳ ಮೊರೆಯಿಂದ ಆಜ್ಞೆಯು 2025-26ನೆಯ ಸಾಲಿಗೆ ಮುಂದೆ ಹೋಯಿತು. ಆ ಸಾಲು ಸಮೀಪಿಸಿದಾಗ, 2025ರ ಏಪ್ರಿಲಿನಲ್ಲಿ, ಯು.ಕೆ.ಜಿ. ಮುಗಿಸಿದವರಿಗೆ ಅದೊಂದು ವರುಷದ ಮಟ್ಟಿಗೆ ಹಿಂದಿನ ಲೆಕ್ಕವೇ ಸಾಕೆಂದು ಸಡಿಲಿಕೆ ದೊರೆಯಿತು.

ಆರು ವರುಷವೆಂಬುದು ಆಕಾಶದಿಂದ ಇಳಿದ ಸಂಖ್ಯೆಯಲ್ಲವೆಂಬುದನ್ನು ಒಪ್ಪುತ್ತೇವೆ. ಫಿನ್ಲೆಂಡಿನಲ್ಲಿ ಮಕ್ಕಳು ಏಳು ತುಂಬುವ ವರುಷದಲ್ಲಿ ಶಾಲೆಗೆ ಹೋಗುವರು. ಇಂಗ್ಲೆಂಡಿನಲ್ಲಿ ಐದು ತುಂಬುವ ಮೊದಲೇ ಹೋಗುವವರು ಹಲವರು. ಆದರೂ ನಮ್ಮ ಸರಕಾರದ ಆಜ್ಞೆಯನ್ನು ನಾವು ಮೆಚ್ಚುವವರೇ. ಅರುವತ್ತೈದು ತಿಂಗಳ ಮಗುವಿಗೂ ಎಪ್ಪತ್ತೆರಡು ತಿಂಗಳ ಮಗುವಿಗೂ ಇರುವ ಅಂತರವು ಆ ಎಳೆಯ ಜೀವದ ಆಯುಸ್ಸಿನ ಹತ್ತನೆಯ ಪಾಲಿನಷ್ಟು. ಒಂದೇ ಮಣೆಯ ಮೇಲೆ ಕೂರಿಸಿ, ಕಿರಿಯದಾದುದನ್ನು ದಡ್ಡನೆಂದು ಕರೆಯುವುದು ಎಲ್ಲಿಯ ನ್ಯಾಯ? ಒಂದು ವರುಷ ವ್ಯರ್ಥವಾಯಿತೆಂದು ಮರುಗುವ ಪಟ್ಟಣದ ತಾಯಂದಿರನ್ನು ನಾವು ಬಲ್ಲೆವು. ಅವರ ಅವಸರವು ಮಗುವಿನದಲ್ಲ, ನೆರೆಮನೆಯದು. ಆ ಅವಸರಕ್ಕಾಗಿ ತಾರೀಖನ್ನು ಹಿಂದುಮುಂದು ಮಾಡುವುದಂತೂ ಸಲ್ಲದು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ತಾರೀಖನ್ನು ಮುಂದೆ ತಿದ್ದಿಸುವುದು ಸುಲಭವಲ್ಲ.

ನಮ್ಮ ಚಿಂತೆ ಬೇರೆಯ ಮಗುವಿನದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಯ ಜಲಪಾತಕ್ಕೆ ಹೋಗುವ ದಾರಿಯು ಕಾಫಿ ತೋಟಗಳ ನಡುವೆ ಇಳಿಯುವುದು. ಪ್ರವಾಸಿಗಳು ನೀರನ್ನು ನೋಡಿ ಹಿಂದಿರುಗುವರು. ತೋಟದ ಲೈನು ಮನೆಗಳು ಅವರ ಕಣ್ಣಿಗೆ ಬೀಳುವುದು ಅಪರೂಪ. ಇಂತಹ ಮಲೆಗಳಿಗೆ ಹಣ್ಣು ಕೊಯ್ಯುವ ಕಾಲದಲ್ಲಿ ದೂರದೂರುಗಳಿಂದ, ಈಚಿನ ವರುಷಗಳಲ್ಲಿ ಅಸ್ಸಾಮಿನಿಂದಲೂ, ಕೂಲಿಯ ಕುಟುಂಬಗಳು ಬರುವುವು. ಶಾಲೆಯ ವರುಷವು ಜೂನಿನ ಸುಮಾರಿಗೆ ಆರಂಭವಾಗುವುದು, ಕೊಯ್ಲು ನವೆಂಬರಿನಲ್ಲಿ. ನಡುವರುಷದಲ್ಲಿ ಬಂದ, ಕನ್ನಡವನ್ನರಿಯದ, ಅಕ್ಷರವನ್ನು ಕಾಣದ ಹತ್ತು ವರುಷದ ಹುಡುಗಿಯನ್ನು ಎಲ್ಲಿ ಕೂರಿಸೋಣ?

ಒಂದನೆಯ ತರಗತಿಯಲ್ಲೆಂದು ಹಲವರು ಹೇಳುವರು. ಹಾಗಾದರೆ ಲೆಕ್ಕ ಹಾಕಿರಿ: ಆಕೆ ಹತ್ತನೆಯ ತರಗತಿಯನ್ನು ಮುಗಿಸುವಾಗ ಇಪ್ಪತ್ತು ತುಂಬುವುದು. ಅಷ್ಟು ಕಾಲ ಆಕೆಯನ್ನು ಮಣೆಯ ಮೇಲೆ ಉಳಿಯಗೊಡುವವರಾರು? ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರುಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು; 1929ರ ಶಾರದಾ ಕಾಯಿದೆಯು ಹದಿನಾಲ್ಕೆಂದಿತು; 1978ರ ತಿದ್ದುಪಡಿಯು ಹದಿನೆಂಟೆಂದಿತು. ಕಾಯಿದೆಯ ವಯಸ್ಸು ಏರಿದರೂ, ಮೈನೆರೆದ ಮಗಳು ಎಳೆಯ ಮಕ್ಕಳೊಡನೆ ಕುಳಿತು ಕಾಗುಣಿತ ಹೇಳುವುದನ್ನು ಕಂಡ ತಂದೆಗೆ ನಾಚಿಕೆ ಹುಟ್ಟುವುದು ನಿಂತಿಲ್ಲ. ಮಗಳಿಗೆ ಅದಕ್ಕಿಂತ ಹೆಚ್ಚು. ಆಕೆ ತಾನಾಗಿಯೇ ತೋಟದ ಕೆಲಸಕ್ಕೆ ತಿರುಗುವಳು. ಶಾಲೆ ಬಿಟ್ಟ ಹುಡುಗಿಯರಿಗೆ ಬುದ್ಧಿ ಸಾಲದೆಂದು ದೂರುವವರು ಮೊದಲು ಆಕೆಯ ಮಣೆಯ ಎತ್ತರವನ್ನು ನೋಡಲಿ.

2009ರ ಶಿಕ್ಷಣ ಹಕ್ಕಿನ ಕಾಯಿದೆಯ ನಾಲ್ಕನೆಯ ಕಲಮು ಇದಕ್ಕೆ ಬೇರೆ ದಾರಿಯನ್ನು ಹೇಳಿದೆ. ಆರು ದಾಟಿಯೂ ಶಾಲೆ ಕಾಣದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಒಡನೆ ಇತರರ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕು. ಹದಿನಾಲ್ಕು ಮೀರಿದರೂ ಎಂಟನೆಯ ತರಗತಿ ಮುಗಿಯುವ ತನಕ ಉಚಿತವಾಗಿ ಕಲಿಸಬೇಕು. ವಯಸ್ಸಿನ ದಾಖಲೆಯಿಲ್ಲವೆಂದು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಕೂಡದೆಂದೂ ಅದೇ ಕಾಯಿದೆಯಲ್ಲಿದೆ. ಹತ್ತರ ಹುಡುಗಿ ಐದನೆಯ ತರಗತಿಯಲ್ಲಿ ತನ್ನ ಓರಗೆಯವರೊಡನೆ ಕೂರಲಿ. ಪಾಠ ಮಾತ್ರ ಆಕೆ ನಿಂತಲ್ಲಿಂದ ಆರಂಭವಾಗಲಿ. ಇದೇ ನಮ್ಮ ಪಕ್ಷ.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ತರಬೇತಿಯಿಲ್ಲದೆ ಬರಿದೆ ಐದನೆಯ ತರಗತಿಯಲ್ಲಿ ಕೂರಿಸಿದರೆ ಹುಡುಗಿಯು ಗೋಡೆಯ ಚಿತ್ರದಂತೆ ಇರುವಳು, ಹೆಸರು ಹಾಜರಿಯಲ್ಲಿ, ಮನಸ್ಸು ಮನೆಯಲ್ಲಿ. ಒಬ್ಬಳೇ ಉಪಾಧ್ಯಾಯಿನಿ ಮೂರು ತರಗತಿಗಳನ್ನು ನೋಡಿಕೊಳ್ಳುವ ಮಲೆಯ ಶಾಲೆಯಲ್ಲಿ ವಿಶೇಷ ತರಬೇತಿ ಯಾರಿಂದ? ಆಕ್ಷೇಪ ನಿಜವೇ. ಆದರೆ ಅದು ಉಪಾಧ್ಯಾಯಿನಿಯರ ಕೊರತೆಯನ್ನು ತೋರುವುದೇ ಹೊರತು, ಹತ್ತು ವರುಷದವಳನ್ನು ಆರು ವರುಷದವರ ನಡುವೆ ನೂಕಲು ಕಾರಣವಾಗದು.

ಆದಕಾರಣ ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ, ಅದರಲ್ಲಿಯೂ ತೋಟದ ಮನೆಗಳಿಗೆ ಸೊಸೆಯರಾಗಿ ಹೋದವರಲ್ಲಿ, ನಮ್ಮದೊಂದು ಬಿನ್ನಹ. ಲೈನಿನಲ್ಲಿ ಮಗು ಹುಟ್ಟಿದರೆ ಇಪ್ಪತ್ತೊಂದು ದಿನಗಳೊಳಗೆ ಜನನವನ್ನು ನೋಂದಾಯಿಸಲು ತಾಯಿತಂದೆಗಳಿಗೆ ಹೇಳಿರಿ; 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯಲ್ಲಿ ಕೇಳುವುದು ಆ ಪತ್ರವನ್ನೇ. ಸಂಜೆ ಹಣ್ಣಿನ ತೂಕ ಮುಗಿದ ಮೇಲೆ, ದೊಡ್ಡ ಹುಡುಗಿಯರನ್ನು ನಿಮ್ಮ ಜಗುಲಿಗೆ ಕರೆದು ಒಂದು ಗಂಟೆ ಕನ್ನಡವನ್ನೂ ಲೆಕ್ಕವನ್ನೂ ಕಲಿಸಿರಿ. ಅವರನ್ನು ಜತೆಗೆ ಕರೆದೊಯ್ದು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ನಾಲ್ಕನೆಯ ಕಲಮನ್ನು ವಿನಯದಿಂದ ನೆನಪಿಸಿರಿ. ಕೊಯ್ಲು ಮುಗಿದು ಕುಟುಂಬವು ಊರಿಗೆ ಹೊರಡುವಾಗ, ಯಾವ ತರಗತಿಯಲ್ಲಿ ಓದುತ್ತಿದ್ದಳೆಂಬ ಶಾಲೆಯ ಚೀಟಿಯೊಂದು ತಪ್ಪದೆ ಅವಳ ಗಂಟಿನಲ್ಲಿರಲಿ.