ಬೀಜರಕ್ಷಣೆ ಊರಿನ ಹೊಣೆ

ಉಣ್ಣುವ ಕಾಳು ಬೇರೆ, ಬಿತ್ತುವ ಕಾಳು ಬೇರೆ ಎಂಬ ವಿವೇಕ ನಮ್ಮ ನಾಡಿನ ಒಕ್ಕಲು ಮಕ್ಕಳಿಗೆ ಹಿಂದಿನಿಂದಲೂ ಇತ್ತು. ಕೊಯ್ಲಿಗೆ ಮುನ್ನವೇ ಹೊಲದಲ್ಲಿ ಅಡ್ಡಾಡಿ, ರೋಗವಿಲ್ಲದ ಗಿಡಗಳ ತುಂಬು ತೆನೆಗಳನ್ನು ಬಿತ್ತನೆಗೆಂದು ಆರಿಸಿಕೊಳ್ಳುತ್ತಿದ್ದರು. ಅವರೆ, ಅಲಸಂದೆಗಳಿಗೆ ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಡುತ್ತಿದ್ದರು. ಜೋಳದ ತೆನೆಗಳನ್ನು ಒಲೆಯ ಹೊಗೆ ತಾಗುವಂತೆ ತೂಗುಹಾಕುತ್ತಿದ್ದರು. ಈ ಕೆಲಸದ ಮರ್ಮವನ್ನು ಹೆಚ್ಚಾಗಿ ಬಲ್ಲವರು ಮನೆಯ ಹೆಂಗಸರು. ಒಬ್ಬನ ಬೀಜ ಕೆಟ್ಟರೆ ನೆರೆಯವನು ಕೊಡುತ್ತಿದ್ದನು. ಸುಗ್ಗಿಯಲ್ಲಿ ಅದು ಕಾಳಿನ ರೂಪದಲ್ಲಿಯೇ ಹಿಂದಿರುಗುತ್ತಿತ್ತು. ಹೀಗೆ ಬೀಜವು ಒಬ್ಬನ ಆಸ್ತಿಯಾಗಿರದೆ ಊರಿನ ಸೊತ್ತಾಗಿತ್ತು.

1960ರ ದಶಕದ ಉತ್ತರಾರ್ಧದಲ್ಲಿ ಅಧಿಕ ಇಳುವರಿಯ ತಳಿಗಳು ಭಾರತದ ಹೊಲಗಳಿಗೆ ಬಂದವು. ಹಸಿದಿದ್ದ ದೇಶಕ್ಕೆ ಅವು ಅನ್ನ ನೀಡಿದುವೆಂಬುದನ್ನು ಮರೆಯುವುದು ಕೃತಘ್ನತೆ. ಆದರೆ ಹೊಸತು ಬಂದ ಸಂಭ್ರಮದಲ್ಲಿ ಹಳೆಯದು ಕೈಬಿಟ್ಟುಹೋಯಿತು. ಬೀಜವನ್ನು ವರ್ಷವರ್ಷವೂ ಅಂಗಡಿಯಿಂದ ತರುವ ರೂಢಿ ಬೆಳೆದಂತೆ, ಅದನ್ನು ಆರಿಸುವ, ಒಣಗಿಸುವ, ಕಾಯುವ ಅರಿವೂ ಮನೆಗಳಿಂದ ಮರೆಯಾಗತೊಡಗಿತು. ಈ ನಷ್ಟ ಸಾಮಾನ್ಯವಾದುದಲ್ಲ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲನ್ನು ಸೇರುವೆಡೆ ಗಜನಿ ಎಂಬ ತಗ್ಗು ಗದ್ದೆಗಳಿವೆ. ಉಬ್ಬರವಿಳಿತದ ಉಪ್ಪುನೀರು ಅಲ್ಲಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ನೆರೆ ನಿಲ್ಲುತ್ತದೆ. ಸಾಧಾರಣ ಭತ್ತ ಅಲ್ಲಿ ಬದುಕಲಾರದು. ಆದರೆ ಕಗ್ಗ ಎಂಬ ಎತ್ತರದ ಪೈರಿನ ನಾಡತಳಿ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ತೆನೆ ಬಿಡುತ್ತದೆ. ಈ ಗುಣವನ್ನು ಯಾವ ಪ್ರಯೋಗಶಾಲೆಯೂ ಅದಕ್ಕೆ ಕೊಡಲಿಲ್ಲ; ತಲೆಮಾರುಗಳ ರೈತರು ಉಳಿದ ತೆನೆಯನ್ನೇ ಆರಿಸಿ ಮತ್ತೆ ಬಿತ್ತಿದುದರ ಫಲವಿದು. ಕಡಲಿನ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಇಂತಹ ತಳಿ ಅಳಿದರೆ, ಅದರ ನಷ್ಟವನ್ನು ಹಣದಿಂದ ತುಂಬಿಸಲಾಗದು.

ಉಪಯೋಗವಿಲ್ಲವೆಂದು ತೋರುವ ಸಸ್ಯವೂ ಒಂದು ದಿನ ಆಪದ್ಬಂಧುವಾಗಬಹುದು. 1970ರ ದಶಕದಲ್ಲಿ ಏಷ್ಯಾದ ಭತ್ತದ ಗದ್ದೆಗಳನ್ನು ಒಂದು ಬಗೆಯ ನಂಜುರೋಗ ಕಾಡಿತು. ಪೈರು ಹುಲ್ಲಿನಂತೆ ಕುಳ್ಳಾಗಿ ತೆನೆ ಬಿಡದಾಯಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ಎದುರಿಸುವ ಶಕ್ತಿ ದೊರೆತದ್ದು ಭಾರತದ ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಒಂದು ಕಾಡುಭತ್ತದಲ್ಲಿ! ಅದನ್ನು ಯಾರೂ ಸಂಗ್ರಹಿಸದೆ ಬಿಟ್ಟಿದ್ದರೆ, ಹೊಸ ತಳಿಗಳಿಗೆ ಆ ಶಕ್ತಿಯನ್ನು ಎಲ್ಲಿಂದ ತರಬೇಕಾಗಿತ್ತು? ಹೊಸ ತಳಿಗೆ ಹಳೆಯ ತಳಿಯೇ ಮೂಲಧನ.

ಬೀಜಗಳನ್ನು ಶೀತಾಗಾರಗಳಲ್ಲಿ ಕಾಪಾಡಲಾಗುತ್ತಿದೆಯಲ್ಲ, ರೈತನಿಗೇಕೆ ಈ ತೊಂದರೆ ಎಂದು ಕೆಲವರು ಕೇಳಬಹುದು. ದೆಹಲಿಯಲ್ಲಿ ರಾಷ್ಟ್ರೀಯ ಬೀಜಭಂಡಾರವಿದೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಹಿಮದ ನೆಲದಲ್ಲಿ 2008ರಲ್ಲಿ ಜಾಗತಿಕ ಬೀಜಕೋಶ ಆರಂಭವಾಯಿತು. ಇವು ಅಗತ್ಯವೇ. ಆದರೆ ಶೀತಾಗಾರದ ಬೀಜ ನಿದ್ರಿಸುತ್ತಿರುತ್ತದೆ. ಹೊಲದ ಬೀಜ ವರ್ಷವರ್ಷದ ಮಳೆ, ಬಿಸಿಲು, ಕೀಟಗಳೊಡನೆ ಸೆಣಸಿ ಕಲಿಯುತ್ತಿರುತ್ತದೆ. ಅದರೊಡನೆ ಬಿತ್ತುವವನ ಅರಿವೂ ಉಳಿಯುತ್ತದೆ. ಮಂಡ್ಯ ಜಿಲ್ಲೆಯ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿಯೇ ಬೆಳೆದು ಉಳಿಸಿಕೊಂಡು ಬಂದಿರುವುದು ಇದಕ್ಕೆ ಉಜ್ವಲ ನಿದರ್ಶನ. ಕಾನೂನಿನ ಆಸರೆಯೂ ಉಂಟು. ಸಸ್ಯತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣೆಗಾಗಿ 2001ರಲ್ಲಿ ಬಂದ ಕಾಯಿದೆಯು, ತಾನು ಬೆಳೆದ ಬೀಜವನ್ನು ಕೂಡಿಡುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ಮಾನ್ಯ ಮಾಡಿದೆ.

ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೈಗಳು ದುಡಿಯಬೇಕು. ಒಬ್ಬನೇ ಎಲ್ಲ ತಳಿಗಳನ್ನೂ ಕಾಯಲಾರ. ಮನೆಗೊಂದು ತಳಿಯಂತೆ ಹಂಚಿಕೊಂಡರೆ ಊರಿನಲ್ಲಿ ಹತ್ತಾರು ತಳಿಗಳು ಉಳಿಯುತ್ತವೆ. ಒಂದು ಮನೆಯ ಬೆಳೆ ಹಾಳಾದರೂ ಬೀಜ ಇನ್ನೊಂದು ಮನೆಯಲ್ಲಿರುವಂತೆ ಒಂದೊಂದನ್ನೂ ಇಬ್ಬರು ಮೂವರು ಬೆಳೆಯುವುದು ಜಾಣತನ. ಶಾಲೆಯ ತೋಟವೂ ಈ ಕಾರ್ಯಕ್ಕೆ ತಕ್ಕ ಸ್ಥಳ. ಅವರೆ, ಟೊಮೇಟೊಗಳಲ್ಲಿ ಬೇರೆ ತಳಿಯ ಬೆರಕೆ ಕಡಿಮೆಯಾದುದರಿಂದ ವಿದ್ಯಾರ್ಥಿಗಳು ಅವುಗಳಿಂದ ಆರಂಭಿಸಬಹುದು. ಕುಂಬಳ, ಸೌತೆಗಳ ಪರಾಗವನ್ನು ಜೇನ್ನೊಣಗಳು ದೂರದಿಂದಲೂ ತರುವುದರಿಂದ ಅವುಗಳ ಶುದ್ಧತೆಗೆ ಹೆಚ್ಚು ಎಚ್ಚರ ಬೇಕು. ಸಂಕರ ತಳಿಯ ಬೀಜವನ್ನು ಕೂಡಿಟ್ಟು ಬಿತ್ತಿದರೆ ಮುಂದಿನ ಪೈರು ಏಕರೀತಿಯಾಗಿರದೆಂಬುದನ್ನೂ ನೆನಪಿಡಬೇಕು. ಬೀಜದೊಡನೆ ತಳಿಯ ಹೆಸರು, ಕೊಟ್ಟವರ ಹೆಸರು, ಬಿತ್ತಿದ ತಿಂಗಳು, ಕೊಯ್ದ ತಿಂಗಳುಗಳನ್ನು ಬರೆದಿಟ್ಟರೆ ಹಿರಿಯರ ಅನುಭವವೂ ದಾಖಲೆಯಾಗುತ್ತದೆ.

ಶಿಲೆಯ ದೇಗುಲ ಶಿಥಿಲವಾದರೆ ಮತ್ತೆ ಕಟ್ಟಬಹುದು. ಕೊನೆಯ ಕಾಳು ಮೊಳಕೆಯ ಶಕ್ತಿಯನ್ನು ಕಳೆದುಕೊಂಡ ತಳಿಯನ್ನು ಮತ್ತೆ ಪಡೆಯಲಾಗದು. ಹಿರಿಯರು ಹಸಿವಿನಲ್ಲಿಯೂ ಕಾದಿಟ್ಟ ಬೀಜವನ್ನು ಮುಂದಿನವರ ಕೈಗೆ ದಾಟಿಸುವುದು ಇಂದಿನವರು ತೀರಿಸಲೇಬೇಕಾದ ಋಣ.