ಆಸ್ತಿಗೆ ಒಡೆಯ, ತಪ್ಪಿಗೆ ಪರದೇಶಿ

ಬಿ.ಕಾಂ. ಓದುವ ನಮ್ಮ ಹಾಸ್ಟೆಲ್ ಹುಡುಗರಿಗೆ ಒಂದು ಪಾಠ ಇದೆ. ಕಂಪನಿ ಅಂದರೆ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ. ಅದು ಜಮೀನು ಕೊಳ್ಳಬಹುದು, ಸಾಲ ಎತ್ತಬಹುದು, ಕೋರ್ಟಿಗೆ ಹೋಗಬಹುದು. ಷೇರುದಾರರು ಸತ್ತರೂ ಅದು ಸಾಯೋದಿಲ್ಲ. ಸರಿ, ಒಪ್ಪಿದೆವು. ಆದರೆ ಅದೇ ಕಂಪನಿ ಕೂಲಿ ನುಂಗಿದಾಗ, ಜೀವ ತೆಗೆದಾಗ ಪಂಡಿತರು ರಾಗ ಬದಲಾಯಿಸ್ತಾರೆ: “ಕಂಪನಿಗೆಲ್ಲಿಯ ಮನಸ್ಸು? ಪಾಪ ಪುಣ್ಯ ಏನಿದ್ದರೂ ಮನುಷ್ಯರಿಗೆ. ಅದು ಬರೀ ಕಾಗದ.” ಆಸ್ತಿ ಮಾಡುವಾಗ ವ್ಯಕ್ತಿ, ತಪ್ಪು ಮಾಡಿದಾಗ ಕಾಗದ! ಇದು ಯಾವ ಊರಿನ ನ್ಯಾಯ?

ದೂರ ಹೋಗೋದು ಬೇಡ. ಹೊಸಕೋಟೆಯಿಂದ ಕೋಲಾರದ ರಸ್ತೆ ಹಿಡಿದರೆ ನರಸಾಪುರ. ಅಲ್ಲಿ ಆಪಲ್ ಕಂಪನಿಗಾಗಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆ ಆಗಿತ್ತು. ದುಡಿದ ಗಂಟೆ ಒಂದು, ಕೈಗೆ ಬಂದ ಸಂಬಳ ಇನ್ನೊಂದು. ಖಾಯಂ ನೌಕರರು ಸುಮಾರು 1,300 ಮಂದಿ, ಗುತ್ತಿಗೆಯವರು 8,000ಕ್ಕೂ ಮೇಲೆ. ಇಂಥ ಏರ್ಪಾಟಿನಲ್ಲಿ ಹುಡುಗ ಸಂಬಳ ಯಾರನ್ನು ಕೇಳಬೇಕು? ಗೇಟಿನ ಮೇಲೆ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಏಜೆನ್ಸಿಯ ಹೆಸರು, ತಯಾರಾದ ಫೋನಿನ ಮೇಲೆ ಮೂರನೆಯ ಹೆಸರು. ಜೀತಕ್ಕಿದ್ದ ಅಪ್ಪನಿಗೆ ಧಣಿಯ ಮುಖವಾದರೂ ಗೊತ್ತಿತ್ತು. ಮಗನಿಗೆ ಅದೂ ಗೊತ್ತಿಲ್ಲ.

ಗಾಜು ಒಡೆದದ್ದು ಸರಿಯೇ ಅಂತ ಕೇಳುವವರಿಗೆ ಒಂದೇ ಮಾತು. ಆ ಕೈಗಳನ್ನು ಕಾನೂನು ಬಿಡಲಿಲ್ಲ. 150ಕ್ಕೂ ಹೆಚ್ಚು ಮಂದಿಯನ್ನು ಕೆಲವೇ ದಿನಗಳಲ್ಲಿ ಹಿಡಿದರು. ಪೊಲೀಸು ದೂರಿನಲ್ಲಿ ಕಂಪನಿ ಕಡೆಯವರು ಬರೆಸಿದ ನಷ್ಟ 437 ಕೋಟಿ. ಆಮೇಲೆ ತೈವಾನಿನ ಷೇರುಪೇಟೆಗೆ ಇದೇ ಕಂಪನಿ ಒಪ್ಪಿಸಿದ ಲೆಕ್ಕ ಅಂದಾಜು 25ರಿಂದ 50 ಕೋಟಿ! ಗಾಜಿಗೆ ಇಷ್ಟು ಬೇಗ ಲೆಕ್ಕ ಆಯಿತು. ತಿಂಗಳುಗಟ್ಟಲೆ ಕದ್ದ ಗಂಟೆಗಳಿಗೆ ಯಾಕೆ ಆಗಲಿಲ್ಲ?

ಈಗ ತಮಾಷೆ ನೋಡಿ. ಡಿಸೆಂಬರ್ 19ರಂದು ಆಪಲ್ ಒಂದು ಹೇಳಿಕೆ ಕೊಟ್ಟಿತು. ವಿಸ್ಟ್ರಾನ್ ತನ್ನ ನೀತಿಸಂಹಿತೆ ಮುರಿದಿದೆ, ತಿದ್ದಿಕೊಳ್ಳುವ ತನಕ ಹೊಸ ಕೆಲಸ ಕೊಡೋದಿಲ್ಲ ಅಂತ. ವಿಸ್ಟ್ರಾನ್ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದು, ಕಾರ್ಮಿಕರ ಕ್ಷಮೆ ಕೇಳಿತು. ಅಂದರೆ ಏನಾಯಿತು? ಕಂಪನಿಗೆ ನೀತಿ ಉಂಟು, ತಪ್ಪು ಉಂಟು, ಶಿಕ್ಷೆ ಉಂಟು ಅಂತ ಕಂಪನಿಗಳೇ ಒಪ್ಪಿದವು! ಕ್ಷಮೆ ಕೇಳೋಕೆ ಬಾಯಿ ಇರುವುದಕ್ಕೆ ಹೊಣೆ ಹೊರೋಕೆ ಬೆನ್ನೂ ಇರಬೇಕು.

ಇನ್ನೂ ಮುಂದೆ ಹೋದರೆ ಕೆಜಿಎಫ್. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ, 1956ರಲ್ಲಿ ಮೈಸೂರು ಸರ್ಕಾರ, ಆಮೇಲೆ ಕೇಂದ್ರ ಸರ್ಕಾರ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್. ಒಡೆಯರು ಬದಲಾದರು, ಗಣಿಗೆ ಇಳಿದವರು ಬಹುಪಾಲು ನಮ್ಮವರೇ. 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಸಿಲಿಕೋಸಿಸ್. ಅದೇ ಗಣಿಯ ಕಾಲೊನಿಗಳಲ್ಲಿ ಮಲ ಹೊರುವ ಕಕ್ಕಸುಗಳಿದ್ದವು. ಅಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ 1980ರ ದಶಕದಲ್ಲಿ ಪತ್ರದ ಮೇಲೆ ಪತ್ರ ಬರೆದರು. ಅಂಥದ್ದೇನೂ ಇಲ್ಲ ಅಂತ ಆಡಳಿತ ಸಾಧಿಸಿತು. ಫೋಟೋ ಸಮೇತ ದಿಲ್ಲಿಗೆ ದೂರು ಹೋದ ಮೇಲೆ ತುರ್ತು ಸಭೆ ಕರೆದು, ಬದಲಾಯಿಸ್ತೇವೆ ಅಂತ ಒಪ್ಪಿತು. ನೋಡಿ: ಸುಳ್ಳು ಹೇಳೋ ಶಕ್ತಿ, ಸಭೆ ಸೇರೋ ಶಕ್ತಿ, ತಿದ್ದಿಕೊಳ್ಳೋ ಶಕ್ತಿ ಮೂರೂ ಅದಕ್ಕಿತ್ತು. ಇದಕ್ಕಿಂತ ಹೆಚ್ಚಿನ ಮನಸ್ಸು ಇನ್ನೇನು ಬೇಕು?

“ಕಂಪನಿಯನ್ನು ಬೈದರೆ ಒಳಗಿನ ಅಧಿಕಾರಿ ತಪ್ಪಿಸಿಕೊಳ್ತಾನೆ” ಅನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕೋ ಹಾಗಿಲ್ಲ. ಆದರೆ ಭೋಪಾಲ ನೋಡಿ. 1984ರ ವಿಷಾನಿಲಕ್ಕೆ 2010ರಲ್ಲಿ ತೀರ್ಪು: ಏಳು ಅಧಿಕಾರಿಗಳಿಗೆ ಎರಡು ವರ್ಷ, ಇಲ್ಲಿನ ಕಂಪನಿಗೆ ಸುಮಾರು 5 ಲಕ್ಷ ದಂಡ. ಅಮೆರಿಕದ ಯಜಮಾನ ಆಂಡರ್ಸನ್ ಕಟಕಟೆ ಹತ್ತದೆಯೇ 2014ರಲ್ಲಿ ಸತ್ತ. ಕಂಪನಿಯ ಹಿಂದೆ ಅಧಿಕಾರಿ, ಅಧಿಕಾರಿಯ ಹಿಂದೆ ಕಂಪನಿ ಅಡಗಿದರೆ ಇಬ್ಬರೂ ಬಚಾವು. ಆದ್ದರಿಂದ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡೋದಲ್ಲ, ಇಬ್ಬರನ್ನೂ ಹಿಡೀಬೇಕು. ಸಹಿ ಹಾಕಿದವನಿಗೆ ಸಹಿಯ ಹೊಣೆ. ಯಾರು ಬಂದು ಕೂತರೂ ಅದೇ ಸಹಿ ಹಾಕಿಸೋ ಪದ್ಧತಿಗೆ ಕಂಪನಿ ಹೊಣೆ. ಅಪರಾಧದ ಉದ್ದೇಶವನ್ನು ಕಂಪನಿಯ ಮೇಲೂ ಹೊರಿಸಬಹುದು ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ.

ಈ ಆಟ ನಮಗೆ ಹೊಸದಲ್ಲ. ಗುಡಿಯ ಜಮೀನು ದೇವರ ಹೆಸರಿನಲ್ಲಿ. ದೇವರೂ ಕಾನೂನಿಗೆ ವ್ಯಕ್ತಿಯೇ. ಆದರೆ ನಮ್ಮನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿದವರು ಯಾರು ಅಂದರೆ ದೇವರೂ ಅಲ್ಲ, ಪೂಜಾರಿಯೂ ಅಲ್ಲ, “ಪದ್ಧತಿ”! ಕೇರಿಗೆ ಬಹಿಷ್ಕಾರ ಹಾಕಿದ್ದು ಯಾರು ಅಂದರೆ “ಊರು”! 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಆರೋಪಿಗಳೆಲ್ಲ ಬಿಡುಗಡೆಯಾದರು. ಗುಂಪು ಮಾಡಿದ ಕೆಲಸಕ್ಕೆ ಕೈಗಳೇ ಸಿಗಲಿಲ್ಲ. ಈ ತಂತ್ರ ಗೊತ್ತಿದ್ದೇ ನಮ್ಮ ಕಾನೂನು ಇಡೀ ಊರಿನ ಮೇಲೆ ಸಾಮೂಹಿಕ ದಂಡ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹಳ್ಳಿಗೆ ಸಾಮೂಹಿಕ ಹೊಣೆ ಇದೆ ಅಂದ ಮೇಲೆ ಲೆಕ್ಕಪತ್ರ, ಮೊಹರು, ವಕೀಲರು ಎಲ್ಲಾ ಇರುವ ಕಂಪನಿಗೆ ಯಾಕಿಲ್ಲ?

ಗೆಳೆಯರೇ, ನಾಳೆ ನೀವೂ ಇದೇ ರಸ್ತೆಯ ಕಾರ್ಖಾನೆಗಳ ಗೇಟಿನಲ್ಲಿ ನಿಲ್ಲುವವರು. ನೇಮಕದ ಪತ್ರ ಕೇಳಿ. ಅದರಲ್ಲಿ ಯಾರ ಹೆಸರಿದೆ ಓದಿ. ದುಡಿದ ಗಂಟೆ ನಿಮ್ಮ ನೋಟ್‌ಬುಕ್ಕಿನಲ್ಲೂ ಬರೆದಿಡಿ. ಒಬ್ಬೊಬ್ಬರೇ ಹೋಗಿ ಕೇಳಬೇಡಿ. ಅವರು ಒಂದಾಗಿ ಒಂದು “ವ್ಯಕ್ತಿ” ಆಗಿದ್ದಾರೆ. ನಾವೂ ಒಂದಾಗಿ ಸಂಘ ಆಗದ ಹೊರತು ಆ ವ್ಯಕ್ತಿ ನಮ್ಮ ಕಡೆ ಮುಖ ತಿರುಗಿಸೋದಿಲ್ಲ.